ಅಂದು ಲಾಂಗು, ಇಂದು ಪಬ್ಜಿ: ಹಿಂಸೆಯ ಹೊಣೆ ಯಾರದು?

ಪೀಣ್ಯದ ಗಲ್ಲಿಗಳಲ್ಲಿ, ಹೆಬ್ಬಗೋಡಿಯ ಬಾಡಿಗೆ ಕೋಣೆಗಳಲ್ಲಿ, ವೈಟ್‌ಫೀಲ್ಡ್ ಸುತ್ತಲಿನ ಪಿ.ಜಿ.ಗಳಲ್ಲಿ ಪಾಳಿ ಮುಗಿಸಿ ಬಂದ ಹುಡುಗರಿಗೆ ರಾತ್ರಿಯ ಮನರಂಜನೆ ಎಂದರೆ ಮೊಬೈಲ್. ಕೆಲವರು ಸಿನಿಮಾ ನೋಡುತ್ತಾರೆ, ಕೆಲವರು ಹಾಡು ಕೇಳುತ್ತಾರೆ, ಇನ್ನು ಕೆಲವರು ನಾಲ್ವರ ತಂಡ ಕಟ್ಟಿಕೊಂಡು ಬಂದೂಕಿನ ಆಟ ಆಡುತ್ತಾರೆ. ಬೆಳಗಾದರೆ ಮತ್ತೆ ಲೇತ್ ಯಂತ್ರದ ಮುಂದೆಯೋ ಕಂಪ್ಯೂಟರ್ ಮುಂದೆಯೋ ಹಾಜರು. ಇದು ಸುದ್ದಿಯಲ್ಲ. ಆದರೆ ಇಂಥವರಲ್ಲಿ ಯಾರೋ ಒಬ್ಬ ಚಾಕು ಹಿಡಿದನೆನ್ನಿ. ಮರುದಿನ ಅವನ ಮೊಬೈಲಿನಲ್ಲಿದ್ದ ಆಟವೇ ತಲೆಬರಹಕ್ಕೆ ಏರುತ್ತದೆ.

ಯುವಕರ ಹಿಂಸೆಗೆ ಆಟ, ಹಾಡು, ಸಿನಿಮಾಗಳೇ ಕಾರಣವೆಂಬ ಮಾತು ಹೊಸದಲ್ಲ. ಪ್ರತಿ ತಲೆಮಾರಿಗೂ ಅದರದೇ ಆದ ಆರೋಪಿ ಇದ್ದಾನೆ. ಈ ಆರೋಪ ಎಷ್ಟು ನಿಜ, ಅದನ್ನು ನಂಬುವುದರಿಂದ ನಾವು ಕಳೆದುಕೊಳ್ಳುವುದೇನು ಎಂಬುದನ್ನು ನೋಡುವುದು ಒಳ್ಳೆಯದು.

ಲಾಂಗಿಗೂ ಮೊದಲು

ಕನ್ನಡಿಗರಿಗೆ ಈ ಚರ್ಚೆ ನೆನಪಿರುವುದು 1995ರಲ್ಲಿ ತೆರೆ ಕಂಡ 'ಓಂ' ಚಿತ್ರದಿಂದ. ಉಪೇಂದ್ರ ನಿರ್ದೇಶನದ, ಶಿವರಾಜ್‌ಕುಮಾರ್ ನಾಯಕರಾಗಿದ್ದ ಈ ಚಿತ್ರದಲ್ಲಿ ಬೆಂಗಳೂರಿನ ಕೆಲವು ನಿಜವಾದ ರೌಡಿಗಳೇ ಬಣ್ಣ ಹಚ್ಚಿದ್ದರು. ಚಿತ್ರ ನೂರಾರು ಬಾರಿ ಮರುಬಿಡುಗಡೆಯಾಯಿತು. 2005ರಲ್ಲಿ ಪ್ರೇಮ್ ಅವರ 'ಜೋಗಿ' ಬಂದಿತು. ನಾಯಕನ ಕೈಗೆ ಮಚ್ಚು, ಲಾಂಗು ಬಂದದ್ದರಿಂದಲೇ ಬೀದಿಯ ಹುಡುಗರ ಕೈಗೂ ಅವು ಬಂದವು ಎಂಬ ಮಾತು ಆಗ ಪತ್ರಿಕೆಗಳಲ್ಲೂ ಸಭೆಗಳಲ್ಲೂ ಸಾಮಾನ್ಯವಾಗಿತ್ತು.

ಆದರೆ ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಬೆಂಗಳೂರಿನ ಭೂಗತ ಜಗತ್ತಿನ ದೊಡ್ಡ ಹೆಸರುಗಳಾದ ಕೊತ್ವಾಲ್ ರಾಮಚಂದ್ರ 1986ರಲ್ಲಿ, ಎಂ.ಪಿ. ಜಯರಾಜ್ 1989ರಲ್ಲಿ ಕೊಲೆಯಾದರು. ಅವರ ಕಾಲಕ್ಕೆ 'ಓಂ' ಇರಲಿಲ್ಲ. ಸಿನಿಮಾ ರೌಡಿಗಳನ್ನು ಹುಟ್ಟಿಸಿತು ಎನ್ನುವುದಕ್ಕಿಂತ, ಊರಿನಲ್ಲಿದ್ದ ರೌಡಿಸಂ ಸಿನಿಮಾದ ಕಥೆಯಾಯಿತು ಎನ್ನುವುದೇ ಸರಿ. ತೆರೆಯ ಮೇಲೆ ಅದಕ್ಕೆ ಮೆರುಗು ಸಿಕ್ಕಿತೆಂಬುದು ನ್ಯಾಯವಾದ ಟೀಕೆ. ಆದರೆ ಮೆರುಗು ಬೇರೆ, ಮೂಲ ಬೇರೆ.

ಹಾಡಿನ ಸರದಿಯೂ ಬಂದಿತು. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರದ ನಂತರ ಪಂಜಾಬಿ ರ್‍ಯಾಪ್ ಗಾಯಕ ಹನಿ ಸಿಂಗ್ ಹಾಡುಗಳ ವಿರುದ್ಧ ಆಕ್ರೋಶ ಎದ್ದು, ಗುರುಗ್ರಾಮದಲ್ಲಿ ಹೊಸ ವರ್ಷದ ಮುನ್ನಾದಿನ ನಡೆಯಬೇಕಿದ್ದ ಅವರ ಕಾರ್ಯಕ್ರಮವೇ ರದ್ದಾಯಿತು. 2018ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ರ್‍ಯಾಪ್ ಗಾಯಕ ಚಂದನ್ ಶೆಟ್ಟಿಯವರಿಗೆ, ಹಾಡೊಂದು ಗಾಂಜಾ ಸೇವನೆಗೆ ಪ್ರಚೋದನೆ ನೀಡುತ್ತದೆಂದು ನೋಟಿಸ್ ಕೊಟ್ಟರು.

ಪಬ್ಜಿ ಎಂಬ ಆರೋಪಿ

2016ರ ನಂತರ ಮೊಬೈಲ್ ಇಂಟರ್ನೆಟ್ ಅಗ್ಗವಾಯಿತು. ಆಟಗಳು ಪ್ರತಿ ಜೇಬಿಗೂ ಬಂದವು. ಮೊದಲು ಬಂದದ್ದು 2017ರ 'ಬ್ಲೂ ವೇಲ್' ಭಯ. ಹದಿಹರೆಯದವರ ಆತ್ಮಹತ್ಯೆಗಳನ್ನು ಒಂದರ ಹಿಂದೊಂದರಂತೆ ಈ 'ಆಟ'ದ ಲೆಕ್ಕಕ್ಕೆ ಬರೆಯಲಾಯಿತು. ಶಾಲೆಗಳು ಪೋಷಕರಿಗೆ ಸುತ್ತೋಲೆ ಕಳಿಸಿದವು. ಕೇಂದ್ರ ಸರ್ಕಾರ ತಜ್ಞರ ಸಮಿತಿಯಿಂದ ಈ ಪ್ರಕರಣಗಳನ್ನು ಪರಿಶೀಲಿಸಿತು. ಯಾವ ಸಾವಿನಲ್ಲೂ ಬ್ಲೂ ವೇಲ್ ಪಾತ್ರ ದೃಢಪಟ್ಟಿಲ್ಲವೆಂದು 2018ರ ಜನವರಿಯಲ್ಲಿ ಲೋಕಸಭೆಗೆ ತಿಳಿಸಲಾಯಿತು. ಭಯ ಹಬ್ಬಿದಷ್ಟು ದೂರ ಈ ಉತ್ತರ ಹಬ್ಬಲಿಲ್ಲ.

ನಂತರದ್ದು ಪಬ್ಜಿ. 2019ರ ಮಾರ್ಚ್‌ನಲ್ಲಿ ಗುಜರಾತಿನ ರಾಜಕೋಟ್ ಪೊಲೀಸರು ಈ ಆಟವನ್ನು ನಿಷೇಧಿಸಿ, ಆಡುತ್ತಿದ್ದ ಯುವಕರನ್ನು ಬಂಧಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಳಗಾವಿ ಸಮೀಪದ ಊರೊಂದರಲ್ಲಿ ಯುವಕನೊಬ್ಬ ತಂದೆಯನ್ನೇ ಕೊಂದ ಆರೋಪದಲ್ಲಿ ಬಂಧಿತನಾದ. ಆಟ ಆಡಬೇಡವೆಂದು ತಂದೆ ಗದರಿದ್ದೇ ಕಾರಣವೆಂದು ದೇಶದ ಬಹುತೇಕ ಪತ್ರಿಕೆಗಳು, ವಾಹಿನಿಗಳು ಹೇಳಿದವು. 'ಪಬ್ಜಿಗಾಗಿ ಕೊಲೆ' ಎಂಬ ಎರಡು ಪದಗಳಲ್ಲಿ ಒಂದು ಕುಟುಂಬದ ಇಡೀ ಕಥೆ ಮುಗಿದುಹೋಯಿತು.

ಮರುವರ್ಷ, 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್ಜಿ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಹಲವು ಪೋಷಕರು ನಿಟ್ಟುಸಿರು ಬಿಟ್ಟರು. ಆದರೆ ಆ ನಿಷೇಧಕ್ಕೆ ಕಾರಣ ಹಿಂಸೆಯಲ್ಲ. ಚೀನಾ ಗಡಿಯಲ್ಲಿ ಘರ್ಷಣೆ ನಡೆದಿದ್ದ ವರ್ಷ ಅದು. ಸರ್ಕಾರ ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ಸಾರ್ವಭೌಮತೆ. 2021ರಲ್ಲಿ ಅದೇ ಬಗೆಯ ಆಟ 'ಬಿಜಿಎಂಐ' ಎಂಬ ಹೆಸರಿನಲ್ಲಿ ಮರಳಿತು. 2022ರಲ್ಲಿ ಮತ್ತೆ ನಿಂತು, 2023ರಲ್ಲಿ ಮತ್ತೆ ಬಂದಿತು.

ಇನ್ನೊಂದು ಸಂಗತಿ ಬೆಂಗಳೂರಿನವರಿಗೆ ತಿಳಿದಿರಬೇಕು. ನಮಗೆ ಈ ಆಟಗಳು ಹೊರಗಿನಿಂದ ಬಂದ ಪಿಡುಗಲ್ಲ, ಇಲ್ಲಿಯ ಅನೇಕರ ಅನ್ನವೂ ಹೌದು. ದೇಶದ ಮೊದಲ ವಿಡಿಯೋ ಗೇಮ್ ಕಂಪೆನಿಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಹುಟ್ಟಿದ್ದು ಈ ನಗರದಲ್ಲಿ. ಜಗತ್ತಿನಲ್ಲೇ ಅತಿ ಹೆಚ್ಚು ದೂಷಣೆಗೆ ಒಳಗಾದ 'ಗ್ರ್ಯಾಂಡ್ ಥೆಫ್ಟ್ ಆಟೋ' ತಯಾರಿಸುವ ರಾಕ್‌ಸ್ಟಾರ್ ಸಂಸ್ಥೆ 2019ರಲ್ಲಿ ಅದನ್ನು ಕೊಂಡುಕೊಂಡಿತು. ಆ ಬಂದೂಕು, ಕಾರು, ಬೀದಿಗಳನ್ನು ದಿನವಿಡೀ ಚಿತ್ರಿಸುವ ಹುಡುಗ ಹುಡುಗಿಯರು ಸಂಜೆ ಎಲ್ಲರಂತೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಮನೆ ಸೇರುತ್ತಾರೆ.

ಕೊಲಂಬೈನ್ ಪಾಠ

ಈ ಆರೋಪಕ್ಕೆ ಜಾಗತಿಕ ರೂಪ ಬಂದದ್ದು ಅಮೆರಿಕದ ಕೊಲಂಬೈನ್ ಶಾಲೆಯಿಂದ. 1999ರ ಏಪ್ರಿಲ್ 20ರಂದು ಅಲ್ಲಿ ಇಬ್ಬರು ವಿದ್ಯಾರ್ಥಿಗಳು 12 ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಗುಂಡಿಕ್ಕಿ ಕೊಂದರು. 'ಡೂಮ್' ಎಂಬ ಕಂಪ್ಯೂಟರ್ ಆಟ ಮತ್ತು ರಾಕ್ ಗಾಯಕ ಮರ್ಲಿನ್ ಮ್ಯಾನ್ಸನ್ ಇದಕ್ಕೆ ಕಾರಣವೆಂದು ವಾಹಿನಿಗಳು ದಿನಗಟ್ಟಲೆ ಹೇಳಿದವು. ಅವರಿಬ್ಬರೂ ಡೂಮ್ ಆಡುತ್ತಿದ್ದುದು ನಿಜ. ಆದರೆ ಅವರು ಮ್ಯಾನ್ಸನ್ ಅಭಿಮಾನಿಗಳೇ ಆಗಿರಲಿಲ್ಲವೆಂದು ನಂತರ ಹೊರಬಂದಿತು. ಅವರು ತಿಂಗಳುಗಟ್ಟಲೆ ಯೋಜನೆ ಹಾಕಿ ಬಂದೂಕು, ಬಾಂಬು ಕೂಡಿಹಾಕಿದ್ದರು. ಅವು ಅವರ ಕೈಗೆ ಅಷ್ಟು ಸುಲಭವಾಗಿ ಸಿಕ್ಕಿದ್ದು ಹೇಗೆ ಎಂಬ ಪ್ರಶ್ನೆ ಹಾಡಿನ ಗದ್ದಲದ ನಡುವೆ ಮಸುಕಾಯಿತು.

ಹಿಂಸಾತ್ಮಕ ಆಟಗಳನ್ನು ಮಕ್ಕಳಿಗೆ ಮಾರಬಾರದೆಂದು ಕ್ಯಾಲಿಫೋರ್ನಿಯಾ ರಾಜ್ಯ ತಂದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ 7-2 ಬಹುಮತದಿಂದ ತಳ್ಳಿಹಾಕಿತು. ಆಟ ಆಡುವುದರಿಂದಲೇ ಮಕ್ಕಳು ಹಿಂಸೆಗೆ ಇಳಿಯುತ್ತಾರೆಂಬುದನ್ನು ಸರ್ಕಾರ ತಂದ ಅಧ್ಯಯನಗಳು ಸಾಬೀತುಪಡಿಸಿಲ್ಲ ಎಂಬುದು ನ್ಯಾಯಾಲಯದ ಅಭಿಪ್ರಾಯವಾಗಿತ್ತು.

ಖಾರದ ಅಳತೆ

ವಿಜ್ಞಾನಿಗಳು ಇದನ್ನು ಅಳೆಯುವುದು ಹೇಗೆ? ಪ್ರಯೋಗಾಲಯದಲ್ಲಿ ಯಾರ ಕೈಗೂ ಚಾಕು ಕೊಡಲಾಗದು. ಆದ್ದರಿಂದ ಒಂದು ಗುಂಪಿಗೆ ಬಂದೂಕಿನ ಆಟ, ಇನ್ನೊಂದಕ್ಕೆ ಸಾಧು ಆಟ ಆಡಿಸಿ, ಬಳಿಕ ಅವರ ಸಿಟ್ಟನ್ನು ಬೇರೆ ದಾರಿಯಿಂದ ನೋಡುತ್ತಾರೆ. ಎದುರಾಳಿಯ ಕಿವಿಗೆ ಎಷ್ಟು ಜೋರಾದ ಸದ್ದು ಬಿಡುತ್ತಾರೆ, ಖಾರ ತಿನ್ನಲಾಗದವನಿಗೆ ಎಷ್ಟು ಖಾರದ ಸಾಸ್ ಬಡಿಸುತ್ತಾರೆ ಎಂಬುದೇ ಅಳತೆ. ಇಂಥ ಕೆಲವು ಪ್ರಯೋಗಗಳಲ್ಲಿ ಸಣ್ಣ ವ್ಯತ್ಯಾಸ ಕಂಡದ್ದುಂಟು. ಆದರೆ ಒಂದು ಚಮಚ ಹೆಚ್ಚು ಖಾರ ಬಡಿಸುವುದಕ್ಕೂ ಕೊಲೆಗೂ ನಡುವಿನ ದೂರ ಬಹಳ.

2019ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಬ್ರಿಟನ್ನಿನ 14-15 ವಯಸ್ಸಿನ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅಧ್ಯಯನ ಮಾಡಿದರು. ಮಗುವಿನ ನಡತೆಯ ಬಗ್ಗೆ ಪೋಷಕರನ್ನು ಕೇಳಿದರು. ಆಟ ಎಷ್ಟು ಹಿಂಸಾತ್ಮಕವೆಂಬುದನ್ನು ಅಧಿಕೃತ ಶ್ರೇಣಿಯಿಂದ ತೆಗೆದುಕೊಂಡರು. ಎರಡಕ್ಕೂ ಸಂಬಂಧ ಕಾಣಲಿಲ್ಲ. 2020ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ತನ್ನ ನಿಲುವನ್ನು ಸ್ಪಷ್ಟಪಡಿಸಿತು. ಕೂಗಾಡುವುದು, ತಳ್ಳುವುದು ಮುಂತಾದ ವರ್ತನೆಗೂ ಇಂಥ ಆಟಗಳಿಗೂ ಸಣ್ಣ ನಂಟಿದೆ. ಆದರೆ ಗಂಭೀರ ಹಿಂಸೆಗೆ ಆಟವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ. ಹಾಗೆ ಹೇಳುವುದರಿಂದ ನಿಜವಾದ ಕಾರಣಗಳಿಂದ ಗಮನ ಬೇರೆಡೆಗೆ ಸರಿಯುತ್ತದೆ ಎಂಬುದು ಅದರ ಸಾರ.

ಇದನ್ನು ಮನೆಯ ಲೆಕ್ಕದಲ್ಲೂ ಹೇಳಬಹುದು. ಇಂದು ಆಟವಿಲ್ಲದ ಮೊಬೈಲ್ ಇರುವ ಹುಡುಗ ಸಿಗುವುದು ಅಪರೂಪ. ಹಾಗಿರುವಾಗ ಬಂಧಿತನಾದ ಯಾವ ಹುಡುಗನ ಮೊಬೈಲ್ ತೆರೆದರೂ ಆಟ ಸಿಕ್ಕೇ ಸಿಗುತ್ತದೆ. ಬಂಧಿತರೆಲ್ಲ ಚಹಾ ಕುಡಿಯುತ್ತಿದ್ದರು ಎಂಬುದರಿಂದ ಚಹಾವನ್ನು ಅಪರಾಧಿ ಮಾಡಲಾದೀತೆ?

ದೇಶದ ಕೊಲೆಗಳ ಕಾರಣಗಳನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗ ಪ್ರತಿ ವರ್ಷ ಪಟ್ಟಿ ಮಾಡುತ್ತದೆ. 2022ರ 28,522 ಕೊಲೆ ಪ್ರಕರಣಗಳಲ್ಲಿ 9,962ಕ್ಕೆ ಕಾರಣ ಜಗಳ-ವ್ಯಾಜ್ಯಗಳು. 3,761ಕ್ಕೆ ವೈಯಕ್ತಿಕ ದ್ವೇಷ, 1,884ಕ್ಕೆ ಹಣದಾಸೆ ಅಥವಾ ಲಾಭ. ಎಲ್ಲವೂ ಹಳೆಯ ಕಾರಣಗಳೇ.

ಕಾರಣ ಕಣ್ಣಿಗೆ ಕಂಡಾಗ

ಬೆಂಗಳೂರಿನ ಹೊರವಲಯ ಯುವಜನರ ಸಿಟ್ಟನ್ನು ದೊಡ್ಡ ಪ್ರಮಾಣದಲ್ಲಿ ಕಂಡದ್ದು 2016ರ ಏಪ್ರಿಲ್ 18 ಮತ್ತು 19ರಂದು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಗಾರ್ಮೆಂಟ್ಸ್ ಕಾರ್ಮಿಕರು, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ಬಸ್ಸುಗಳು ಸುಟ್ಟವು. ಹೆಬ್ಬಗೋಡಿ ಪೊಲೀಸ್ ಠಾಣೆಯಲ್ಲಿ ನಿಲ್ಲಿಸಿದ್ದ ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದವರು ಕಾರ್ಮಿಕರಲ್ಲ, ಕಿಡಿಗೇಡಿಗಳು ಎಂಬ ಮಾತೂ ಬಂದಿತು. ಆದರೆ ಸಿಟ್ಟಿನ ಮೂಲ ಯಾವುದೆಂಬ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಏಪ್ರಿಲ್ 19ರಂದೇ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು.

2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಆಗ ವಿಸ್ಟ್ರಾನ್ ನಡೆಸುತ್ತಿದ್ದ ಐಫೋನ್ ಕಾರ್ಖಾನೆಯ ಮೇಲೆ ಅಲ್ಲಿಯ ಕಾರ್ಮಿಕರೇ ದಾಳಿ ಮಾಡಿದರು. ಗಾಜು ಒಡೆಯಿತು, ವಾಹನಗಳು ಮಗುಚಿದವು, ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಬಹುಪಾಲು ಗುತ್ತಿಗೆಯ ಮೇಲಿದ್ದ ಯುವಕರು. ತನಿಖೆ ನಡೆದಾಗ ಸಂಬಳ ಸರಿಯಾಗಿ, ಸಕಾಲಕ್ಕೆ ಸಿಗದಿದ್ದುದು ಬೆಳಕಿಗೆ ಬಂದಿತು. ಕಂಪೆನಿ ಕ್ಷಮೆ ಕೇಳಿತು. ಕೆಲವು ದಿನ ಕಾದು ನೋಡಿದ್ದರಿಂದ ಕಾರಣ ಸಿಕ್ಕಿತು; ಕಾರಣ ಸಿಕ್ಕಿದ್ದರಿಂದ ಸರಿಪಡಿಸುವ ದಾರಿಯೂ ತೆರೆಯಿತು.

ಈ ಹುಡುಗ ಹುಡುಗಿಯರ ಮೊಬೈಲುಗಳಲ್ಲೂ ಆಟಗಳಿದ್ದವು, ಹಾಡುಗಳಿದ್ದವು. ಯಾರೂ ಅವನ್ನು ದೂರಲಿಲ್ಲ. ದೂರಿದ್ದರೆ ಸಂಬಳದ ಲೆಕ್ಕ ಹೊರಬರುತ್ತಿತ್ತೆ?

ತಲೆಬರಹ ಹುಟ್ಟುವ ಬಗೆ

ಒಬ್ಬನೇ ವ್ಯಕ್ತಿ, ಒಂದೇ ಮನೆಯೊಳಗೆ ಅಪರಾಧ ನಡೆಸಿದಾಗ ಈ ತಾಳ್ಮೆ ಇರುವುದಿಲ್ಲ. ಅಪರಾಧ ಸುದ್ದಿ ಸಾಮಾನ್ಯವಾಗಿ ಬರುವುದು ಠಾಣೆಯಿಂದ. ಎಫ್‌ಐಆರ್ ದಾಖಲಾಗಿ ಕೆಲವೇ ಗಂಟೆ ಆಗಿರುತ್ತದೆ. ಕುಟುಂಬದವರು ಮಾತನಾಡುವ ಸ್ಥಿತಿಯಲ್ಲಿರುವುದಿಲ್ಲ. ವರದಿಗಾರನಿಗೆ ರಾತ್ರಿಯೊಳಗೆ 'ಯಾಕೆ' ಎಂಬುದಕ್ಕೆ ಉತ್ತರ ಬೇಕು. ಆಗ ಅಧಿಕಾರಿಯೋ ನೆರೆಯವರೋ 'ಯಾವಾಗಲೂ ಮೊಬೈಲಿನಲ್ಲೇ ಇರುತ್ತಿದ್ದ' ಎಂದರೆ ಅದೇ ಕಾರಣವಾಗಿ ಅಚ್ಚಾಗುತ್ತದೆ. ಸಾಲ, ಕುಡಿತ, ಮನೆಯೊಳಗಿನ ಹೊಡೆತ, ಚಿಕಿತ್ಸೆ ಸಿಗದ ಮನೋರೋಗ, ಕೈತಪ್ಪಿದ ಕೆಲಸ ಇವು ಆರೋಪಪಟ್ಟಿಯಲ್ಲಿ, ನ್ಯಾಯಾಲಯದ ವಿಚಾರಣೆಯಲ್ಲಿ ನಿಧಾನವಾಗಿ ಹೊರಬರುವ ಸಂಗತಿಗಳು. ಅಷ್ಟು ಹೊತ್ತಿಗೆ ಸುದ್ದಿ ಹಳತಾಗಿರುತ್ತದೆ.

ಆಟವನ್ನು ದೂರುವುದರಲ್ಲಿ ಎಲ್ಲರಿಗೂ ಒಂದು ಅನುಕೂಲವಿದೆ. ಕಾರ್ಖಾನೆಗೂ ಕಾಲೇಜಿಗೂ ಸರ್ಕಾರಕ್ಕೂ ಯಾವ ಪ್ರಶ್ನೆಯೂ ಬರುವುದಿಲ್ಲ.

ಹಾಗಾದರೆ ಚಿಂತೆ ಬೇಡವೇ?

ಬೇಕು. ಆದರೆ ಸರಿಯಾದ ಚಿಂತೆ. ಆಟ ಕೈಮೀರಿ, ನಿದ್ದೆ, ಓದು, ಕೆಲಸ ಕೆಟ್ಟು, ಹಾನಿ ಕಂಡರೂ ಬಿಡಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಪಟ್ಟಿಗೆ ಸೇರಿಸಿತು. ಅದಕ್ಕೂ ಮೊದಲೇ, 2014ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಮೊಬೈಲ್ ಮತ್ತು ಆಟದ ಗೀಳಿಗೆ ಸಿಕ್ಕಿದವರಿಗಾಗಿ 'ಷಟ್' ಹೆಸರಿನ ಚಿಕಿತ್ಸಾಲಯ ತೆರೆದಿತ್ತು. ಇದು ಕಾಯಿಲೆಯ ಮಾತು, ಕೊಲೆಯ ಮಾತಲ್ಲ. ಗೀಳು ಹತ್ತಿದ ಮಗನನ್ನು ಕೊಲೆಗಾರನಂತೆ ನೋಡುವ ಮನೆಯಲ್ಲಿ ಅವನು ತನ್ನ ಕಷ್ಟ ಹೇಳಿಕೊಳ್ಳುವುದಾದರೂ ಹೇಗೆ?

ಹಣ ಪಣಕ್ಕಿಡುವ ಆಟಗಳದ್ದು ಬೇರೆಯೇ ಅಪಾಯ. ಅವುಗಳ ವಿರುದ್ಧ ಕರ್ನಾಟಕ 2021ರಲ್ಲಿ ತಂದ ಕಾನೂನನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಅಂಥ ಆಟಗಳನ್ನು ನಿಷೇಧಿಸುವ ಕಾನೂನಿಗೆ ಒಪ್ಪಿಗೆ ನೀಡಿತು. ಅಲ್ಲಿ ಮನೆ ಮುರಿಯುವುದು ಸಾಲ. ಬಂದೂಕಿನ ಚಿತ್ರಕ್ಕೂ ಅದಕ್ಕೂ ಸಂಬಂಧವಿಲ್ಲ.

ಮುಂದಿನ ಬಾರಿ 'ಆಟದ ಹುಚ್ಚಿಗೆ ಕೊಲೆ' ಎಂಬ ತಲೆಬರಹ ಕಂಡಾಗ ಓದುಗರು ಕೆಲವು ಪ್ರಶ್ನೆ ಕೇಳಬಹುದು. ಕಾರಣ ಹೇಳಿದವರು ಯಾರು? ಘಟನೆ ನಡೆದ ಎಷ್ಟು ಹೊತ್ತಿಗೆ ಹೇಳಿದರು? ಆ ಹುಡುಗನಿಗೆ ಕೆಲಸವಿತ್ತೇ, ಸಾಲವಿತ್ತೇ, ಮೊದಲೇ ಯಾರಾದರೂ ಅವನ ಬಗ್ಗೆ ಎಚ್ಚರಿಸಿದ್ದರೇ? ವರದಿಯಲ್ಲಿ ಇವಕ್ಕೆ ಉತ್ತರವಿಲ್ಲದಿದ್ದರೆ ಕಾರಣ ಇನ್ನೂ ಸಿಕ್ಕಿಲ್ಲವೆಂದೇ ತಿಳಿಯಬೇಕು. ಅದನ್ನು ಹುಡುಕುವ ಕೆಲಸ ಪೊಲೀಸರದ್ದು, ಪತ್ರಿಕೆಯದ್ದು, ಆ ಹುಡುಗನ ಅಕ್ಕಪಕ್ಕದಲ್ಲಿ ಬಾಳುವ ನಮ್ಮದೂ ಹೌದು.