ಅಳಗುಳಿಮಣೆಯ ಅರ್ಥಶಾಸ್ತ್ರ

ವಿಡಿಯೋ ಆಟದಲ್ಲಿ ಗಳಿಸಿದ ಹೊನ್ನನ್ನು ಕೂಡಿಡಬೇಕೋ, ವೆಚ್ಚಮಾಡಬೇಕೋ ಎಂದು ಇಂದಿನ ಮಕ್ಕಳು ಚರ್ಚಿಸುವುದುಂಟು. ಬಾಬುರಾಯನಕೊಪ್ಪಲು ಮೊದಲಾದ ನಮ್ಮ ಶ್ರೀರಂಗಪಟ್ಟಣ ಸೀಮೆಯ ಊರುಗಳಿಗೆ ಈ ಪ್ರಶ್ನೆಯು ಹೊಸತಲ್ಲ. ಅಳಗುಳಿಮಣೆಯನ್ನು ಆಡಿದವರೆಲ್ಲರೂ ಇದನ್ನು ಎದುರಿಸಿದವರೇ.

ಮಣೆಯಲ್ಲಿ ಎರಡು ಸಾಲು. ಸಾಲಿಗೆ 7ರಂತೆ 14 ಗುಳಿಗಳು. ಹುಣಿಸೆಬೀಜಗಳೇ ಇಲ್ಲಿಯ ಹಣ. ಊರೂರಿಗೆ ನಿಯಮವು ಕೊಂಚ ಬೇರೆಯಾದರೂ ಸಾಮಾನ್ಯ ಕ್ರಮವು ಹೀಗಿದೆ. ಆಡುವವಳು ತನ್ನ ಒಂದು ಗುಳಿಯನ್ನು ಬರಿದುಮಾಡಿ, ಮುಂದಿನವುಗಳಿಗೆ ಒಂದೊಂದು ಬೀಜವನ್ನು ಹಂಚುತ್ತಾಳೆ. ಕೈ ಬರಿದಾದಾಗ ಮುಂದಿನ ಗುಳಿಯ ಬೀಜಗಳನ್ನೆತ್ತಿ ಮುಂದುವರಿಯುತ್ತಾಳೆ. ಆ ಗುಳಿಯು ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿರುವುದೆಲ್ಲವೂ ಅವಳ ಪಾಲು. ಆದಕಾರಣ ಒಂದೇ ಗುಳಿಯಲ್ಲಿ ರಾಶಿಗೂಡಿದ ಬೀಜಗಳಿಗೆ ಎದುರಾಳಿಯ ಭಯವು ತಪ್ಪದು. ಹಂಚದೆ ಗಳಿಕೆಯೂ ಇಲ್ಲ.

ಗೆದ್ದ ಬೀಜಗಳಾದರೋ ಮಣೆಯ ಹೊರಗೆ ಭದ್ರವಾಗಿರುತ್ತವೆ. ಮುಂದಿನ ಆಟಕ್ಕೆ ಅವುಗಳಿಂದಲೇ ಗುಳಿಗಳನ್ನು ತುಂಬಬೇಕು. ತುಂಬಲಾರದ ಗುಳಿಗಳನ್ನು ಬಿಟ್ಟುಕೊಡಬೇಕು.

ಜಪಾನಿನಲ್ಲಿ 1986ರಲ್ಲಿ ಹೊರಬಂದ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ವಿಡಿಯೋ ಆಟದ ನ್ಯಾಯವೂ ಇಂತಹುದೇ. ವೀರನು ಸೋತುಬಿದ್ದರೆ ಕೈಯಲ್ಲಿರುವ ಹೊನ್ನಿನಲ್ಲಿ ಅರ್ಧವು ನಷ್ಟವಾಗುತ್ತದೆ. ಕೊಂಡ ಖಡ್ಗವು ಉಳಿಯುತ್ತದೆ.

ವಾಚಕಿಯರೇ, ಸಮಯವರಿತು ಹೂಡಿದ್ದೂ, ನಾಳೆಗೆಂದು ತೆಗೆದಿಟ್ಟದ್ದೂ ಎರಡೂ ಉಳಿತಾಯವೇ. ಹೂಡಲು ಹೆದರಿ ಗುಳಿಯಲ್ಲಿಯೇ ಬಿಟ್ಟದ್ದು ಮಾತ್ರ ಪರರ ಪಾಲಾಗುತ್ತದೆ.