ಹೊಟ್ಟೆ ತಣ್ಣಗಿರಲಿ

“ನಿನ್ನ ಹೊಟ್ಟೆ ತಣ್ಣಗಿರಲಿ, ತಂಗೀ!” ಬೈಲಹೊಂಗಲ, ಸವದತ್ತಿಗಳ ಕಡೆಯ ಮುದುಕಿಯರು ಬಾಣಂತಿಯನ್ನು ಹರಸುವದು ಹೀಗೆ. ಮಕ್ಕಳು ಸುಖವಾಗಿದ್ದರೆ ತಾಯಿಯ ಒಡಲು ತಂಪು ಎಂಬುದು ಇದರ ಅಭಿಪ್ರಾಯ. ಲಕ್ಷಣಾವೃತ್ತಿಗೆ ಉದಾಹರಣೆಯೆಂದು ಈ ನುಡಿಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅದರ ವಾಚ್ಯಾರ್ಥವೂ ಅಷ್ಟೇ ಮಹತ್ವದ್ದೆಂದು ನನಗೆ ಮನವರಿಕೆಯಾದದ್ದು ಒಂದು ವೈಶಾಖದ ನಡುಹಗಲಿನಲ್ಲಿ.

ನನ್ನ ತಂಗಿ ಹಡೆದು ಮೂರು ದಿನವಾಗಿತ್ತು. ಆಸ್ಪತ್ರೆಯಲ್ಲಿ ಬಾಣಂತಿಯರ ಕೋಣೆ ಎಲ್ಲಕ್ಕೂ ಮೇಲಿನ ಅಂತಸ್ತಿನಲ್ಲಿತ್ತು. ತಲೆಯ ಮೇಲೆ ಕಾದ ಕಾಂಕ್ರೀಟಿನ ಚಾವಣಿ. ಅದರಡಿಯಲ್ಲಿ ಬಿಸಿಗಾಳಿಯನ್ನೇ ತಿರುವಿ ಹಾಕುವ ಪಂಖ. ಕೂಸಿನ ಮೈ ಸುಡುತ್ತಿತ್ತು, ಮೊಲೆ ಹಿಡಿಯಲೊಲ್ಲದಾಯಿತು. ವೈದ್ಯರು ಪರೀಕ್ಷಿಸಿ, “ನಂಜು ಕಾಣಸೂದಿಲ್ಲ ಸರ, ಕೂಸಿಗೆ ಝಳ ಬಡದೈತಿ” ಎಂದರು. ಕೆಳಗಿನ ತಂಪು ಕೋಣೆಗೆ ಒಯ್ದು, ಸುತ್ತಿದ ದುಪ್ಪಟಿ ಬಿಚ್ಚಿ, ಮತ್ತೆ ಮತ್ತೆ ತಾಯಿಯ ಹಾಲೂಡಿಸಿದರು. ದೀಪ ಹಚ್ಚುವ ಹೊತ್ತಿಗೆ ಜ್ವರವಿಳಿಯಿತು.

ಅಂದಿನಿಂದ ನನ್ನ ಓದು ಹಾದಿ ಬದಲಿಸಿತು. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣತೆ 46.8 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ಆ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ಅಲ್ಲಿಯ ಶಾರದಾಬೆನ್ ಆಸ್ಪತ್ರೆಯಲ್ಲಿ ಝಳದ ಬಾಧೆಯಿಂದ ತೀವ್ರ ನಿಗಾ ಘಟಕವನ್ನು ಸೇರಿದ ಹಸುಗೂಸುಗಳು 24. ಹಿಂದಿನ ವರ್ಷ 8. ಮರುವರ್ಷ ಬರಿಯ 4. ಈ ನಡುವೆ ಬಾಣಂತಿಯರ ವಿಭಾಗವನ್ನು ಮೇಲಂತಸ್ತಿನಿಂದ ಕೆಳಕ್ಕೆ ಸಾಗಿಸಲಾಗಿತ್ತು. ಬಿಸಿಲಿನ ಏರಿಳಿತವನ್ನು ಲೆಕ್ಕಕ್ಕೆ ಹಿಡಿದು ನೋಡಿದರೂ ಈ ಸ್ಥಳಾಂತರದ ಪ್ರಯೋಜನ ಸ್ಪಷ್ಟವಾಗಿತ್ತೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳುವದು. 2013ರಲ್ಲಿ ಆ ನಗರ ಬಿಸಿಲನ್ನು ಎದುರಿಸುವ ಯೋಜನೆಯನ್ನೇ ರೂಪಿಸಿತು.

ಕಾರಣ ಸರಳವಾದುದು. ಕೂಸಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡದು; ಬೆವರು ಕಡಿಮೆ; ನೀರಡಿಕೆಯೆಂದು ಹೇಳಲು ಬಾಯಿಲ್ಲ. ಹಗಲೆಲ್ಲ ಬಿಸಿಲುಂಡ ಕಾಂಕ್ರೀಟು ರಾತ್ರಿ ಅದನ್ನು ಕೆಳಗಿನ ಕೋಣೆಗೆ ಉಗುಳುವದು.

ಮಲೆನಾಡಿನ ಸೆರಗಿನಲ್ಲಿರುವ ಕಿತ್ತೂರಿಗೂ ಬಯಲುಸೀಮೆಯ ರಾಮದುರ್ಗಕ್ಕೂ ಹವೆಯಲ್ಲಿ ಅಂತರವಿದೆ. ಆದರೆ ಕಾದ ಚಾವಣಿಯ ಕೆಳಗೆ ಮಲಗಿದ ಕೂಸಿಗೆ ಎಲ್ಲ ಊರೂ ಒಂದೇ. ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳನ್ನು ಕಟ್ಟಿದ ನಮ್ಮ ಹಿರಿಯರಿಗೆ ಈ ಮರ್ಮ ತಿಳಿದಿತ್ತು. ಇಂದಿನ ಆಸ್ಪತ್ರೆಗಳಿಗೂ ಇದು ಅಸಾಧ್ಯವೇನಲ್ಲ: ಎಳೆಯರ ಕೋಣೆ ಕೆಳಗಿರಲಿ, ಚಾವಣಿಗೆ ಬಿಳಿಯ ಸುಣ್ಣ ಬೀಳಲಿ, ಪಡುವಣ ಕಿಟಕಿಗೆ ನೆರಳಿರಲಿ, ಗೋಡೆಗೊಂದು ಉಷ್ಣಮಾಪಕವಿರಲಿ, ಕರೆಂಟು ಹೋದರೂ ಪಂಖ ತಿರುಗುತ್ತಿರಲಿ. ಆರು ತಿಂಗಳೊಳಗಿನ ಕೂಸಿಗೆ ಬೇಸಿಗೆಯಲ್ಲಿಯೂ ನೀರು ಬೇಡ, ತಾಯಿಯ ಹಾಲೇ ಸಾಕೆಂದು ಮನೆಯ ಹಿರಿಯರಿಗೆ ತಿಳಿಹೇಳುವವರೂ ಇರಲಿ.

ತಂಗಿಯ ಮಗಳು ಈಗ ಅಂಗಳದಲ್ಲಿ ಓಡಾಡುತ್ತಾಳೆ. ಅವಳನ್ನು ಕಂಡಾಗಲೆಲ್ಲ ಆ ಮೇಲಂತಸ್ತಿನಲ್ಲಿ ಇಂದು ಯಾರ ಕೂಸು ಮಲಗಿದೆಯೋ ಎಂದು ಮನಸ್ಸು ಕಳವಳಿಸುವದು. ಹರಕೆ ಮುದುಕಿಯರದು, ಅದನ್ನು ನಿಜಮಾಡುವ ಹೊಣೆ ನಮ್ಮದು.