ತುಳುಕದ ಕೊಡ

ಲಾರಿಯೆಂದೊಡನೆ ನಮಗೆ ನೆನಪಾಗುವುದು ಅದರ ಎಂಜಿನ್ನಿನ ಆರ್ಭಟ. ಆದರೆ ಕಾರ್ಖಾನೆಯಿಂದ ಹೊರಡುವಾಗ ಎಷ್ಟೋ ಲಾರಿಗಳಿಗೆ ಬೆನ್ನೇ ಇರುವುದಿಲ್ಲ. ಎಂಜಿನ್, ಚಕ್ರಗಳು, ಉಕ್ಕಿನ ಎರಡು ಉದ್ದ ತೊಲೆಗಳುಳ್ಳ ಚಾಸಿ, ಇಷ್ಟೆ. ಮುಂದೆ ಅದು ಏನಾಗಬೇಕೆಂಬುದು ಬಾಡಿ ಕಟ್ಟುವ ಕುಶಲಕರ್ಮಿಯ ಕೈಯಲ್ಲಿದೆ. ಕತ್ತರಿಯಂತೆ ಮಡಚಿಕೊಳ್ಳುವ ಕಾಲುಗಳ ಮೇಲೆ ಪೆಟ್ಟಿಗೆಯನ್ನು ಕೂರಿಸಿದರೆ, ವಿಮಾನದ ಬಾಗಿಲಿನೆತ್ತರಕ್ಕೆ ಊಟವನ್ನೇರಿಸುವ ವಾಹನ. ಚಾಚುವ ತೋಳಿಗೆ ತೊಟ್ಟಿಲನ್ನು ಜೋಡಿಸಿದರೆ, ವಿದ್ಯುತ್ ತಂತಿಯ ದುರಸ್ತಿಯ ವಾಹನ. ಟ್ಯಾಂಕನ್ನು ಬಿಗಿದರೆ, ನೀರಿನ ಟ್ಯಾಂಕರು.

ಈ ಕೊನೆಯದರ ಬೆಲೆ ಏನೆಂಬುದನ್ನು ಹೊರ್ತಿಯ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿನ ಈ ಊರು ಇಂಡಿ ತಾಲ್ಲೂಕಿಗೆ ಸೇರಿದ್ದು. ೨೦೨೩ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಇಂಡಿ ಲಿಂಬೆಯ ನೆಲ. ಅದೇ ವರ್ಷ ಮಳೆ ಕೈಕೊಟ್ಟು, ರಾಜ್ಯದ ೨೨೩ ತಾಲ್ಲೂಕುಗಳು ಬರಪೀಡಿತವೆಂದು ಸರಕಾರ ಸಾರಬೇಕಾಯಿತು. ಕೊಳವೆ ಬಾವಿ ಬತ್ತಿದಾಗ ಇಲ್ಲಿಯ ರೈತರು ಟ್ಯಾಂಕರಿನ ನೀರನ್ನು ಕೊಂಡು ಲಿಂಬೆಯ ಬುಡಕ್ಕೆ ಉಣಿಸುತ್ತಾರೆ. ಗಿಡ ಒಂದು ಬೇಸಿಗೆಯಲ್ಲಿ ಒಣಗಿತೆಂದರೆ ಹಲವು ವರ್ಷಗಳ ದುಡಿಮೆ ಒಣಗಿದಂತೆಯೇ ಸರಿ.

ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆ ಲಾರಿಗೂ ಸಲ್ಲುತ್ತದೆ. ಹತ್ತು ಸಾವಿರ ಲೀಟರ್ ನೀರೆಂದರೆ ಹತ್ತು ಟನ್ ಭಾರ. ಟ್ಯಾಂಕು ತುಂಬಿದ್ದರೆ ಆ ಭಾರ ಅಲುಗಾಡಲು ಎಡೆಯಿಲ್ಲ. ಒಂದು ತೋಟಕ್ಕೆ ಅರ್ಧ ಸುರಿದು ಇನ್ನೊಂದಕ್ಕೆ ಹೊರಟಾಗಲೇ ಅಪಾಯ. ಚಾಲಕನು ಬ್ರೇಕನ್ನು ಒತ್ತಿದರೆ ಲಾರಿ ನಿಂತೀತು, ನೀರು ನಿಲ್ಲದು. ಮುನ್ನುಗ್ಗಿ ಲಾರಿಯನ್ನೇ ಮುಂದಕ್ಕೆ ನೂಕುತ್ತದೆ. ತಿರುವಿನಲ್ಲಿ ಒಂದು ಬದಿಗೆ ಏರಿ ಲಾರಿಯನ್ನು ಉರುಳಿಸಲೂಬಲ್ಲದು.

ಇದಕ್ಕೆ ಬಾಡಿ ಕಟ್ಟುವವರು ಕಂಡುಕೊಂಡ ಉಪಾಯ ಸರಳವಾದುದು. ಟ್ಯಾಂಕಿನೊಳಗೆ ಅಲ್ಲಲ್ಲಿ ಅಡ್ಡತಟ್ಟೆಗಳನ್ನು ಬೆಸೆಯುತ್ತಾರೆ. ಅವುಗಳಲ್ಲಿ ಕಂಡಿಗಳಿರುವುದರಿಂದ ನೀರು ಹರಿಯುತ್ತದೆ, ಆದರೆ ಒಮ್ಮೆಗೇ ನುಗ್ಗಲಾರದು. ಈ ತಟ್ಟೆಗಳು ಹಿಂದುಮುಂದಿನ ಹೊಯ್ದಾಟವನ್ನು ತಗ್ಗಿಸುತ್ತವೆಯೇ ಹೊರತು ಅಕ್ಕಪಕ್ಕದ್ದನ್ನು ಅಷ್ಟಾಗಿ ತಡೆಯಲಾರವು. ತಿರುವಿನಲ್ಲಿ ಚಾಲಕನ ನಿಧಾನವೇ ರಕ್ಷೆ.

ವಿಮಾನ ನಿಲ್ದಾಣದಲ್ಲಿ ಇದೇ ನೀರು ಇನ್ನೂ ಅವಸರದ ಕೆಲಸಕ್ಕೆ ಒದಗಬೇಕು. ಅಂತರರಾಷ್ಟ್ರೀಯ ನಿಯಮದಂತೆ, ಅಗ್ನಿಶಾಮಕ ವಾಹನವು ರನ್‌ವೇಯ ಯಾವ ಮೂಲೆಯನ್ನಾದರೂ ೩ ನಿಮಿಷದೊಳಗೆ ಮುಟ್ಟಬೇಕು. ೨ ನಿಮಿಷದಲ್ಲೇ ಮುಟ್ಟುವುದು ಗುರಿ. ೪,೫೦೦ ಲೀಟರಿಗಿಂತ ಹೆಚ್ಚು ನೀರು ಹೊರುವ ವಾಹನವೂ ೪೦ ಸೆಕೆಂಡಿನೊಳಗೆ ಗಂಟೆಗೆ ೮೦ ಕಿಲೋಮೀಟರ್ ವೇಗಕ್ಕೆ ಏರಬೇಕೆಂಬ ಅಪೇಕ್ಷೆಯುಂಟು. ಉರಿಯುವ ಎಣ್ಣೆ ಬರಿಯ ನೀರಿನ ಮೇಲೆ ತೇಲುವುದರಿಂದ, ನೊರೆಯ ದ್ರಾವಣವನ್ನು ಬೆರೆಸಿ ಬೆಂಕಿಯ ಮೇಲೆ ಹೊದಿಕೆಯಂತೆ ಹಾಸುತ್ತಾರೆ. ಅಷ್ಟು ಭಾರದ ನೀರು ಅಷ್ಟು ವೇಗದಲ್ಲಿ ಓಡುವಾಗ ಅದನ್ನು ಅಂಕೆಯಲ್ಲಿಡುವುದು ಅವೇ ಅಡ್ಡತಟ್ಟೆಗಳು.

ಹೊರಗಿನ ಬಣ್ಣ, ಹೂಬಳ್ಳಿ, ದೇವರ ಹೆಸರು ದಾರಿಹೋಕರಿಗೆಲ್ಲ ಕಾಣುತ್ತವೆ. ಒಳಗಿನ ತಟ್ಟೆ ಕಾಣದು. ಕಾಣದೆಂಬ ಕಾರಣಕ್ಕೇ ಖರ್ಚು ಉಳಿಸಲು ಅದನ್ನು ಬಿಡಬೇಕೆಂಬ ಆಸೆ ಹುಟ್ಟೀತು. ಆದುದರಿಂದ ಟ್ಯಾಂಕರ್ ಕಟ್ಟಿಸುವವರು ಬಣ್ಣವನ್ನು ಮೆಚ್ಚುವ ಮೊದಲು ಮೇಲಿನ ಮುಚ್ಚಳವನ್ನು ತೆರೆದು ಒಳಗೆ ಒಮ್ಮೆ ಇಣುಕಿ ನೋಡುವುದೊಳಿತು. ಲಿಂಬೆಯ ಗಿಡದ ಬಾಳೂ ಚಾಲಕನ ಜೀವವೂ ಆ ಕತ್ತಲೆಯೊಳಗಿನ ಬೆಸುಗೆಯನ್ನೇ ನೆಚ್ಚಿಕೊಂಡಿವೆ.